ಅಪಸ್ಮಾರ ಇರುವ ಮನೆಯಲ್ಲಿ ಗೋಧಿಯ ಪ್ರಶ್ನೆ: ಸೀಲಿಯಾಕ್ ಕಾಯಿಲೆಯನ್ನು ಯಾವಾಗ ಶಂಕಿಸಬೇಕು, ಆಮೇಲೆ ಏನು ಮಾಡಬೇಕು

ಕುಚ್ಚಲಕ್ಕಿ ಗಂಜಿ ಉಣ್ಣುವ ನಮ್ಮ ಕರಾವಳಿಯಲ್ಲಿ ಸೀಲಿಯಾಕ್ ಕಾಯಿಲೆಯ ಹೆಸರು ಕಿವಿಗೆ ಬೀಳುವುದೇ ಅಪರೂಪ. ಗೋಧಿ, ಬಾರ್ಲಿ ಮತ್ತು ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನಿನ ವಿರುದ್ಧ ದೇಹದ ರಕ್ಷಣಾ ವ್ಯವಸ್ಥೆಯೇ ತಿರುಗಿಬಿದ್ದು, ಸಣ್ಣಕರುಳಿನ ಒಳಗೋಡೆಯ ಮೇಲಿರುವ ಬೆರಳಿನಾಕಾರದ ಸೂಕ್ಷ್ಮ ಎಳೆಗಳನ್ನು ಹಾಳುಮಾಡುವ ಕಾಯಿಲೆ ಇದು. ಆ ಎಳೆಗಳು ಸವೆದುಹೋದರೆ ಕಬ್ಬಿಣ, ಕ್ಯಾಲ್ಸಿಯಂ, ಫೋಲೇಟ್, ವಿಟಮಿನ್ ಡಿ ಮುಂತಾದವು ತಿಂದ ಆಹಾರದಿಂದ ರಕ್ತಕ್ಕೆ ಸೇರುವುದು ಕಡಿಮೆಯಾಗುತ್ತದೆ. ಭೇದಿ ಮತ್ತು ಹೊಟ್ಟೆಯುಬ್ಬರ ಇದರ ಪರಿಚಿತ ಲಕ್ಷಣಗಳಾದರೂ ಎಷ್ಟೋ ಮಂದಿಯಲ್ಲಿ ಹೊಟ್ಟೆಯ ದೂರು ಏನೂ ಇರುವುದಿಲ್ಲ. ರಕ್ತಹೀನತೆ, ಮೂಳೆ ಸವೆತ, ನಡಿಗೆಯಲ್ಲಿ ತೂರಾಟ ಅಥವಾ ಫಿಟ್ಸ್ ರೂಪದಲ್ಲಿ ಮೊದಲು ಕಾಣಿಸಿಕೊಳ್ಳುವುದೂ ಉಂಟು.

ಅನ್ನ ಉಣ್ಣುವವರಿಗೆ ಇದು ಬರುವುದಿಲ್ಲ ಎಂಬ ಮಾತು ಅರ್ಧ ಮಾತ್ರ ಸರಿ. ಭಾರತದ ಉತ್ತರ, ಈಶಾನ್ಯ ಮತ್ತು ದಕ್ಷಿಣ ಭಾಗಗಳ ಜನರನ್ನು ಹೋಲಿಸಿ 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಉತ್ತರದಲ್ಲಿ ನೂರಕ್ಕೆ 1.23 ಮಂದಿಯ ರಕ್ತದಲ್ಲಿ ಸೀಲಿಯಾಕ್‌ನ ಪ್ರತಿಕಾಯಗಳು (ರಕ್ಷಣಾ ವ್ಯವಸ್ಥೆ ತಯಾರಿಸುವ ಪ್ರೋಟೀನುಗಳು) ಕಂಡುಬಂದರೆ ದಕ್ಷಿಣದಲ್ಲಿ ಸಾವಿರಕ್ಕೆ ಒಬ್ಬರಲ್ಲಷ್ಟೇ ಕಂಡುಬಂದವು. ಉತ್ತರದವರು ದಿನಕ್ಕೆ ಸರಾಸರಿ 455 ಗ್ರಾಂ ಗೋಧಿ ತಿನ್ನುತ್ತಿದ್ದರು, ದಕ್ಷಿಣದವರು 25 ಗ್ರಾಂ. ಆದರೆ ಈ ಕಾಯಿಲೆಗೆ ಎಡೆಮಾಡಿಕೊಡುವ ಡಿಕ್ಯೂ2 ಮತ್ತು ಡಿಕ್ಯೂ8 ಎಂಬ ವಂಶವಾಹಿಗಳು ಎರಡೂ ಕಡೆ ಹೆಚ್ಚುಕಡಿಮೆ ಮೂರರಲ್ಲೊಬ್ಬರಿಗೆ ಇದ್ದವು. ಅಂದರೆ ನಮ್ಮವರ ದೇಹಗುಣ ಬೇರೆಯಲ್ಲ, ತಟ್ಟೆ ಬೇರೆ ಅಷ್ಟೆ. ಆ ತಟ್ಟೆಯೂ ಈಗ ಬದಲಾಗುತ್ತಿದೆ. ಸಕ್ಕರೆ ಕಾಯಿಲೆಯ ಕಾರಣಕ್ಕೆ ರಾತ್ರಿ ಅನ್ನ ಬಿಟ್ಟು ಚಪಾತಿಗೆ ಹೊರಳಿದ ಮನೆಗಳು ಮಂಗಳೂರು–ಉಡುಪಿಯ ಯಾವ ಕೇರಿಯಲ್ಲಿ ಇಲ್ಲ?

ಈ ಬರಹ ಅಪಸ್ಮಾರ, ಅಂದರೆ ಪದೇಪದೇ ಫಿಟ್ಸ್ ಬರುವ ಕಾಯಿಲೆ, ಇರುವವರಿಗೂ ಅವರನ್ನು ನೋಡಿಕೊಳ್ಳುವವರಿಗೂ ಉದ್ದೇಶಿಸಿದ್ದು. ಇಲ್ಲಿ ಹೆಜ್ಜೆಗಳ ಅನುಕ್ರಮ ಮುಖ್ಯ: ಮೊದಲು ಪರೀಕ್ಷೆ, ಆಮೇಲೆ ಗ್ಲುಟೆನ್ ಬಿಡುವ ಪಥ್ಯ, ಮತ್ತು ಉದ್ದಕ್ಕೂ ಫಿಟ್ಸ್ ಮಾತ್ರೆ. ಇದು ತಲೆಕೆಳಗಾದಾಗಲೇ ತೊಂದರೆಯೆಲ್ಲ.

ಮೊದಲ ಹೆಜ್ಜೆ: ಸಂಬಂಧ ಎಷ್ಟರಮಟ್ಟಿನದು ಎಂದು ತಿಳಿದುಕೊಳ್ಳಿ

ಸ್ವೀಡನ್ನಿನಲ್ಲಿ ಬಯಾಪ್ಸಿಯಿಂದ (ಕರುಳಿನ ಚೂರು ತೆಗೆದು ಪರೀಕ್ಷಿಸುವುದರಿಂದ) ಸೀಲಿಯಾಕ್ ಖಚಿತವಾಗಿದ್ದ 28,885 ಮಂದಿಯ ದಾಖಲೆಗಳನ್ನು ಆಧರಿಸಿ 2012ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಅವರಲ್ಲಿ ಅಪಸ್ಮಾರ ಬರುವ ಸಂಭವ ಉಳಿದವರಿಗಿಂತ 1.4 ಪಟ್ಟು ಹೆಚ್ಚು. ಇದನ್ನು ಓದಿ ಗಾಬರಿಯಾಗಬೇಕಾದ್ದಿಲ್ಲ. ಮೂಲ ಸಂಭವವೇ ಚಿಕ್ಕದಾದ್ದರಿಂದ ಸೀಲಿಯಾಕ್ ಇರುವ ಬಹುಪಾಲು ಜನರಿಗೆ ಎಂದೂ ಫಿಟ್ಸ್ ಬರುವುದಿಲ್ಲ. ಹಾಗೆಯೇ ಅಪಸ್ಮಾರ ಇರುವ ಬಹುಪಾಲು ಜನರಿಗೆ ಸೀಲಿಯಾಕ್ ಇರುವುದಿಲ್ಲ. ಗೋಧಿ ಬಿಟ್ಟರೆ ಫಿಟ್ಸ್ ನಿಲ್ಲುತ್ತದೆ ಎಂಬ ವಾಟ್ಸಾಪ್ ಸಂದೇಶಗಳನ್ನು ಈ ಎರಡು ಮಾತುಗಳ ಪಕ್ಕದಲ್ಲಿಟ್ಟು ಓದಬೇಕು.

ಇವೆರಡೂ ಸ್ಪಷ್ಟವಾಗಿ ಕೂಡಿಬರುವ ಒಂದು ಸ್ಥಿತಿಯನ್ನು 1992ರಲ್ಲಿ ಇಟಲಿಯ ವೈದ್ಯ ಗೊಬ್ಬಿ ಮತ್ತು ಸಂಗಡಿಗರು ವಿವರಿಸಿದರು. ಸೀಲಿಯಾಕ್ ಮತ್ತು ಅಪಸ್ಮಾರಗಳ ಜೊತೆಗೆ ಮಿದುಳಿನ ಹಿಂಭಾಗದ ಎರಡೂ ಬದಿಗಳಲ್ಲಿ ಸುಣ್ಣದಂಶ ಕಟ್ಟಿಕೊಂಡಿರುವುದು ಇದರ ಗುರುತು. ಇಟಲಿ, ಸ್ಪೇನ್ ಮತ್ತು ಅರ್ಜೆಂಟೀನಾಗಳಿಂದ ಇಂಥ ವರದಿಗಳು ಹೆಚ್ಚು ಬಂದಿವೆ. ಸುಣ್ಣ ಕಟ್ಟಲು ಫೋಲೇಟ್ ಕೊರತೆ ಕಾರಣವಿರಬಹುದು, ರಕ್ಷಣಾ ವ್ಯವಸ್ಥೆಯ ದಾಳಿ ಇರಬಹುದು ಎಂಬ ವಾದಗಳಿವೆ; ಯಾವುದೂ ಇನ್ನೂ ಸಾಬೀತಾಗಿಲ್ಲ. ಇದರ ಹೊರತಾಗಿ ಇನ್ನೊಂದು ನೇರ ದಾರಿಯೂ ಇದೆ. ಕರುಳು ಹೀರಿಕೊಳ್ಳದೆ ರಕ್ತದಲ್ಲಿ ಕ್ಯಾಲ್ಸಿಯಂ ಅಥವಾ ಮೆಗ್ನೀಸಿಯಂ ತೀರಾ ಇಳಿದರೆ ಅದರಿಂದಲೇ ಸೆಳೆತ ಬರಬಹುದು. ಇಂಥ ಸೆಳೆತಕ್ಕೆ ಕೊರತೆ ತುಂಬುವುದೇ ಚಿಕಿತ್ಸೆಯಾದ್ದರಿಂದ ಮೊದಲ ಸಲ ಫಿಟ್ಸ್ ಬಂದವರಲ್ಲಿ ಈ ಎರಡನ್ನೂ ನೋಡಲಾಗಿದೆಯೇ ಎಂದು ವರದಿಯಲ್ಲಿ ಹುಡುಕಿ.

ಎರಡನೆಯ ಹೆಜ್ಜೆ: ಶಂಕಿಸಲು ಕಾರಣವಿದೆಯೇ ನೋಡಿ

ಎಲ್ಲ ಅಪಸ್ಮಾರ ರೋಗಿಗಳಿಗೂ ಈ ಪರೀಕ್ಷೆ ಬೇಕೆಂದು ನಾನು ಹೇಳುವುದಿಲ್ಲ. ಆದರೆ ಫಿಟ್ಸ್ ಜೊತೆಗೆ ಕಬ್ಬಿಣದ ಮಾತ್ರೆಗೂ ಜಗ್ಗದ ರಕ್ತಹೀನತೆ, ಕಾರಣ ತಿಳಿಯದ ತೂಕನಷ್ಟ, ತಿಂಗಳುಗಟ್ಟಲೆ ಬಂದುಹೋಗುವ ಭೇದಿ, ವಯಸ್ಸಿಗೆ ತಕ್ಕ ಎತ್ತರ ಬಾರದ ಮಗು, ಪದೇಪದೇ ಬಾಯಿಹುಣ್ಣು ಇವುಗಳಲ್ಲಿ ಯಾವುದಾದರೂ ಇದ್ದರೆ, ಅಥವಾ ಟೈಪ್ 1 ಮಧುಮೇಹ, ಥೈರಾಯ್ಡಿನ ಸ್ವಯಂನಿರೋಧಕ ಕಾಯಿಲೆ, ಡೌನ್ ಸಿಂಡ್ರೋಮ್ ಇದ್ದರೆ, ಅಥವಾ ರಕ್ತಸಂಬಂಧಿಯೊಬ್ಬರಿಗೆ ಸೀಲಿಯಾಕ್ ಇದ್ದರೆ, ನರರೋಗ ತಜ್ಞರ ಮುಂದೆ ಪ್ರಸ್ತಾಪಿಸುವುದು ನಿಮ್ಮ ಹಕ್ಕು. ಎರಡು ಸೂಕ್ತ ಔಷಧಿಗಳನ್ನು ಸರಿಯಾದ ಪ್ರಮಾಣದಲ್ಲಿ ಕೊಟ್ಟರೂ ಹತೋಟಿಗೆ ಬಾರದ ಅಪಸ್ಮಾರದಲ್ಲಿ ಬೇರೆ ಕಾರಣ ಕಾಣದಿದ್ದರೂ ಕೇಳಬಹುದು.

ಸೆಳೆತದ ಬಗೆಯೂ ಸುಳಿವು ಕೊಡುತ್ತದೆ. ಮಿದುಳಿನ ಹಿಂಭಾಗದಿಂದ ಹೊರಡುವ ಫಿಟ್ಸ್ ಕಣ್ಣಿನಲ್ಲಿ ಶುರುವಾಗುತ್ತದೆ: ಒಂದು ಬದಿಯಲ್ಲಿ ಬಣ್ಣಬಣ್ಣದ ಚುಕ್ಕಿ ಅಥವಾ ವೃತ್ತಗಳು ಕಾಣುತ್ತವೆ, ಕೆಲವು ಸೆಕೆಂಡು ಕಣ್ಣು ಕತ್ತಲೆಗಟ್ಟುತ್ತದೆ, ಕೆಲವೊಮ್ಮೆ ಆಮೇಲೆ ತಲೆನೋವು ಮತ್ತು ವಾಂತಿ ಬರುತ್ತದೆ. ಇದನ್ನು ಮೈಗ್ರೇನ್ ಎಂದು ತಿಳಿದು ವರ್ಷಗಟ್ಟಲೆ ಮಾತ್ರೆ ನುಂಗುವವರಿದ್ದಾರೆ. ಮೈಗ್ರೇನಿನ ಮುನ್ಸೂಚನೆ ಸಾಮಾನ್ಯವಾಗಿ ಅಂಕುಡೊಂಕು ಗೆರೆಗಳಾಗಿ ನಿಧಾನವಾಗಿ ಹರಡುತ್ತ ಐದು ನಿಮಿಷಕ್ಕಿಂತ ಹೆಚ್ಚು ಹೊತ್ತು ಇರುತ್ತದೆ. ಫಿಟ್ಸಿನದು ದುಂಡಗೆ, ಬಣ್ಣದಲ್ಲಿ, ದಿಢೀರನೆ ಬಂದು ಒಂದೆರಡು ನಿಮಿಷದೊಳಗೆ ಮುಗಿಯುತ್ತದೆ. ಮಗು ಕಂಡದ್ದನ್ನು ಬಣ್ಣದ ಪೆನ್ಸಿಲಿನಲ್ಲಿ ಬಿಡಿಸಲು ಹೇಳಿ ಆ ಹಾಳೆಯನ್ನು ವೈದ್ಯರಿಗೆ ತೋರಿಸಿ.

ಮೂರನೆಯ ಹೆಜ್ಜೆ: ಗೋಧಿ ಬಿಡುವ ಮೊದಲೇ ರಕ್ತಪರೀಕ್ಷೆ ಮಾಡಿಸಿ

ಇಡೀ ಬರಹದಲ್ಲಿ ಇದು ಅತಿ ಮುಖ್ಯವಾದ ಭಾಗ. ಸೀಲಿಯಾಕ್ ಪತ್ತೆಗೆ ಮೊದಲು ಮಾಡುವ ಟಿಟಿಜಿ-ಐಜಿಎ ಪರೀಕ್ಷೆ ಗ್ಲುಟೆನ್ ವಿರುದ್ಧದ ಪ್ರತಿಕ್ರಿಯೆಯಿಂದ ಹುಟ್ಟುವ ಪ್ರತಿಕಾಯಗಳನ್ನು ಅಳೆಯುತ್ತದೆ. ಗೋಧಿ ನಿಲ್ಲಿಸಿ ಕೆಲವು ತಿಂಗಳಾದರೆ ಪ್ರತಿಕಾಯಗಳು ಇಳಿಯುತ್ತವೆ, ಕರುಳೂ ಚೇತರಿಸಿಕೊಳ್ಳತೊಡಗುತ್ತದೆ; ಆಗ ಕಾಯಿಲೆ ಇದ್ದರೂ ವರದಿ ನೆಗೆಟಿವ್ ಬರಬಹುದು. ಕರಾವಳಿಯಲ್ಲಿ ಇನ್ನೊಂದು ತೊಡಕಿದೆ. ಮೂರು ಹೊತ್ತೂ ಗಂಜಿ, ದೋಸೆ, ಪುಂಡಿ ತಿನ್ನುವ ಮನೆಯಲ್ಲಿ ಪಥ್ಯವಿಲ್ಲದೆಯೇ ಗೋಧಿ ಬಹಳ ಕಡಿಮೆ ಇರುತ್ತದೆ. ಹಾಗಾಗಿ ರಕ್ತ ಕೊಡುವ ಮುಂಚೆ ವಾರಕ್ಕೆ ಎಷ್ಟು ಸಲ ಚಪಾತಿ, ಬ್ರೆಡ್, ಸಜ್ಜಿಗೆ ತಿನ್ನುತ್ತೀರೆಂದು ವೈದ್ಯರಿಗೆ ತಿಳಿಸಿ. ಸಾಲದೆಂದು ಕಂಡರೆ ಅವರೇ ಕೆಲವು ವಾರ ದಿನವೂ ಗೋಧಿ ತಿಂದು ಬರಲು ಹೇಳಬಹುದು. ಫಿಟ್ಸ್ ಇರುವವರು ಇದನ್ನು ತಮ್ಮಷ್ಟಕ್ಕೇ ಮಾಡಬಾರದು.

ಜೊತೆಯಲ್ಲೇ ಐಜಿಎ ಎಂಬ ಬಗೆಯ ಪ್ರತಿಕಾಯಗಳ ಒಟ್ಟು ಪ್ರಮಾಣವನ್ನೂ ನೋಡಿಸಬೇಕು. ಕೆಲವರ ದೇಹದಲ್ಲಿ ಹುಟ್ಟಿನಿಂದಲೇ ಐಜಿಎ ತಯಾರಾಗುವುದಿಲ್ಲ, ಅಂಥವರಲ್ಲಿ ಟಿಟಿಜಿ-ಐಜಿಎ ಸುಮ್ಮನೆ ನೆಗೆಟಿವ್ ಬರುತ್ತದೆ. ಅವರಿಗೆ ಐಜಿಜಿ ಎಂಬ ಇನ್ನೊಂದು ಬಗೆಯ ಪ್ರತಿಕಾಯವನ್ನು ಅಳೆಯುವ ಪರೀಕ್ಷೆ ಬೇಕು. ಈ ರಕ್ತಪರೀಕ್ಷೆಗೆ ಖಾಲಿಹೊಟ್ಟೆಯಲ್ಲಿ ಹೋಗಬೇಕೆಂದಿಲ್ಲ. ಮಂಗಳೂರು, ಮಣಿಪಾಲ, ದೇರಳಕಟ್ಟೆಗಳ ಮೆಡಿಕಲ್ ಕಾಲೇಜು ಆಸ್ಪತ್ರೆಗಳಿರುವ ನಮ್ಮ ಜಿಲ್ಲೆಗಳಲ್ಲಿ ಇದಕ್ಕಾಗಿ ಬೆಂಗಳೂರಿಗೆ ಹೋಗಬೇಕಾದ್ದೂ ಇಲ್ಲ.

ರಕ್ತಪರೀಕ್ಷೆ ಪಾಸಿಟಿವ್ ಬಂದರೆ ವಯಸ್ಕರಲ್ಲಿ ಸಾಮಾನ್ಯವಾಗಿ ಎಂಡೋಸ್ಕೋಪಿ ಮಾಡಿ ಸಣ್ಣಕರುಳಿನ ಮೊದಲ ಭಾಗದಿಂದ ಬಯಾಪ್ಸಿ ತೆಗೆಯುತ್ತಾರೆ. ಮಕ್ಕಳಲ್ಲಿ ಟಿಟಿಜಿ ಪ್ರಮಾಣ ಸಾಮಾನ್ಯ ಮಿತಿಯ ಹತ್ತು ಪಟ್ಟು ಅಥವಾ ಅದಕ್ಕಿಂತ ಹೆಚ್ಚಿದ್ದು, ಎರಡನೆಯ ರಕ್ತದ ಮಾದರಿಯಲ್ಲಿ ಎಂಡೋಮೈಸಿಯಲ್ ಎಂಬ ಮತ್ತೊಂದು ಪ್ರತಿಕಾಯವೂ ಪಾಸಿಟಿವ್ ಬಂದರೆ ಬಯಾಪ್ಸಿ ಇಲ್ಲದೆಯೇ ನಿರ್ಧರಿಸಬಹುದೆಂದು 2020ರ ಯುರೋಪಿನ ಮಾರ್ಗಸೂಚಿ ಹೇಳುತ್ತದೆ. ಬಯಾಪ್ಸಿಯಲ್ಲಿ ಎಳೆಗಳು ಸವೆದಿವೆ ಎಂಬುದೊಂದನ್ನೇ ಹಿಡಿದು ಸೀಲಿಯಾಕ್ ಎನ್ನಲಾಗದು: ದಕ್ಷಿಣ ಭಾರತದಲ್ಲಿ ಟ್ರಾಪಿಕಲ್ ಸ್ಪ್ರೂ ಎಂಬ ಉಷ್ಣವಲಯದ ಕರುಳಿನ ಕಾಯಿಲೆ, ಜಿಯಾರ್ಡಿಯಾ ಪರಾವಲಂಬಿ, ಕರುಳಿನ ಕ್ಷಯ ಇವೂ ಅಂಥದೇ ಚಿತ್ರ ಕೊಡಬಲ್ಲವು. ರಕ್ತದ ವರದಿ ಮತ್ತು ಬಯಾಪ್ಸಿ ಎರಡೂ ಒಂದೇ ಮಾತು ಹೇಳಬೇಕು.

ನಾಲ್ಕನೆಯ ಹೆಜ್ಜೆ: ಸ್ಕ್ಯಾನ್ ವರದಿಯನ್ನು ಮತ್ತೊಮ್ಮೆ ಓದಿಸಿ

ಫಿಟ್ಸ್ ಬಂದವರಿಗೆ ಈಗ ಮೊದಲು ಎಂಆರ್‌ಐ ಮಾಡಿಸುವುದು ರೂಢಿ. ಆದರೆ ಸುಣ್ಣ ಕಟ್ಟಿರುವುದು ಸಿಟಿ ಸ್ಕ್ಯಾನಿನಲ್ಲಿ ಹೆಚ್ಚು ಸ್ಪಷ್ಟ. ಮಾಮೂಲಿ ಎಂಆರ್‌ಐನಲ್ಲಿ ಅದು ತಪ್ಪಿಹೋಗಬಹುದು. ಸೀಲಿಯಾಕ್ ಖಚಿತವಾಗಿ ಫಿಟ್ಸ್ ಕೂಡ ಇದ್ದರೆ, ಸಿಟಿ ಅಗತ್ಯವೇ ಎಂದು ಕೇಳಿ. ನಮ್ಮ ದೇಶದಲ್ಲಿ ಮಿದುಳಿನಲ್ಲಿ ಸುಣ್ಣದ ಚುಕ್ಕೆ ಕಂಡಕೂಡಲೇ ಲಾಡಿಹುಳದ ಮರಿಗಳಿಂದಾಗುವ ನ್ಯೂರೋಸಿಸ್ಟಿಸರ್ಕೋಸಿಸ್ ಅಥವಾ ಕ್ಷಯದ ಗಡ್ಡೆ ನೆನಪಾಗುತ್ತದೆ, ಅದು ಸಹಜವೂ ಹೌದು, ಏಕೆಂದರೆ ಅವೇ ಹೆಚ್ಚು. ಆದರೆ ಆ ಚುಕ್ಕೆಗಳು ಎಲ್ಲೆಂದರಲ್ಲಿ ಇರಬಲ್ಲವು. ಹಿಂಭಾಗದ ಎರಡೂ ಬದಿಯಲ್ಲಿ, ಮಿದುಳಿನ ಹೊರಪದರಕ್ಕೆ ಅಂಟಿಕೊಂಡಂತೆ ಸುಣ್ಣವಿದ್ದರೆ ಸೀಲಿಯಾಕ್ ಪರೀಕ್ಷೆ ಮಾಡದೆ ಫೈಲು ಮುಚ್ಚಬಾರದು.

ಐದನೆಯ ಹೆಜ್ಜೆ: ಮಾತ್ರೆ ನಿಲ್ಲಿಸಬೇಡಿ, ಆದರೆ ಮಾತ್ರೆಯ ಲೆಕ್ಕ ಮರುಪರಿಶೀಲಿಸಿ

ಗ್ಲುಟೆನ್ ಇಲ್ಲದ ಪಥ್ಯ ಸೀಲಿಯಾಕ್‌ಗೆ ಚಿಕಿತ್ಸೆ. ಅದರಿಂದ ಫಿಟ್ಸ್ ಕೂಡ ಹತೋಟಿಗೆ ಬಂದ ವರದಿಗಳಿವೆ, ಅದರಲ್ಲೂ ಫಿಟ್ಸ್ ಶುರುವಾದ ಸ್ವಲ್ಪ ಕಾಲದಲ್ಲೇ ಪಥ್ಯ ಹಿಡಿದ ಮಕ್ಕಳಲ್ಲಿ. ಆದರೆ ಎಲ್ಲರಲ್ಲೂ ಹಾಗಾಗುವುದಿಲ್ಲ, ಮತ್ತು ಪಥ್ಯ ಫಿಟ್ಸ್ ಮಾತ್ರೆಗೆ ಬದಲಿಯಲ್ಲ. ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ನಿಲ್ಲದ ಸೆಳೆತ ಬಂದು ಜೀವಕ್ಕೇ ಅಪಾಯವಾಗಬಹುದು.

ಕರುಳು ಹಾಳಾಗಿದ್ದಾಗ ಮಾತ್ರೆಯೂ ಸರಿಯಾಗಿ ಹೀರಲ್ಪಡದಿರಬಹುದು. ಪಥ್ಯದಿಂದ ಕರುಳು ಗುಣವಾದ ಮೇಲೆ ಅದೇ ಡೋಸು ಹೆಚ್ಚಾಗಿ ತೂಕಡಿಕೆ, ತಲೆಸುತ್ತು, ನಡೆಯುವಾಗ ತೂರಾಟ ಕಾಣಿಸಬಹುದು. ಪಥ್ಯ ಶುರುಮಾಡಿದ ವಿಷಯವನ್ನು ನರರೋಗ ತಜ್ಞರಿಗೆ ಮೊದಲೇ ಹೇಳಿದ್ದರೆ ಅವರು ರಕ್ತದಲ್ಲಿ ಔಷಧಿಯ ಮಟ್ಟ ನೋಡಿ ಹೊಂದಿಸುತ್ತಾರೆ. ಇನ್ನು ಫೆನಿಟೋಯಿನ್, ಫಿನೋಬಾರ್ಬಿಟೋನ್, ಕಾರ್ಬಮಜೆಪೀನ್ ಎಂಬ ಫಿಟ್ಸ್ ಔಷಧಿಗಳು ವಿಟಮಿನ್ ಡಿ ಕಡಿಮೆ ಮಾಡುತ್ತವೆ, ಮೊದಲ ಎರಡು ಫೋಲೇಟನ್ನೂ ಇಳಿಸುತ್ತವೆ. ಸೀಲಿಯಾಕ್ ಮಾಡುವುದೂ ಅದನ್ನೇ. ಎರಡೂ ಸೇರಿದವರ ಮೂಳೆಗಳು ಬೇಗ ಪೊಳ್ಳಾಗುವುದರಿಂದ ವಿಟಮಿನ್ ಡಿ, ಕ್ಯಾಲ್ಸಿಯಂ, ಫೋಲೇಟ್, ಬಿ12, ಹಿಮೋಗ್ಲೋಬಿನ್ ಇಷ್ಟನ್ನೂ ಒಟ್ಟಿಗೆ ನೋಡಿಸಬೇಕು. ಫೋಲಿಕ್ ಆಸಿಡ್ ಮಾತ್ರೆ ಒಳ್ಳೆಯದೇ ತಾನೇ ಎಂದು ಮೆಡಿಕಲ್ ಶಾಪಿನಿಂದ ತಂದು ನುಂಗಬೇಡಿ; ಹೆಚ್ಚಿನ ಪ್ರಮಾಣದಲ್ಲಿ ಅದು ಫೆನಿಟೋಯಿನ್ ಮಟ್ಟವನ್ನು ಕೆಳಗಿಳಿಸಬಲ್ಲದು.

ಆರನೆಯ ಹೆಜ್ಜೆ: ಅಡುಗೆಮನೆಯನ್ನು ಶೋಧಿಸಿ

ಕಾಯಿಲೆ ಖಚಿತವಾದ ಮೇಲೆ ಪಥ್ಯ ಜೀವನಪರ್ಯಂತ. ಕರಾವಳಿಯವರಿಗೆ ಇದು ಪಂಜಾಬಿನವರಿಗಿಂತ ಎಷ್ಟೋ ಸುಲಭ. ಗಂಜಿ, ನೀರುದೋಸೆ, ಮೂಡೆ, ಕೊಟ್ಟಿಗೆ, ಪುಂಡಿ, ಪತ್ರೊಡೆ, ಸನ್ನ, ಅಕ್ಕಿಯ ಒತ್ತುಸೇಮಿಗೆ, ಬ್ಯಾರಿಗಳ ಅಕ್ಕಿರೊಟ್ಟಿ, ಕೋರಿರೊಟ್ಟಿ, ಅವಲಕ್ಕಿ, ಅರಳು ಇವೆಲ್ಲ ಅಕ್ಕಿ–ಭತ್ತದವೇ. ರಾಗಿ, ಜೋಳ, ಕಡಲೆಹಿಟ್ಟು, ಉದ್ದು, ಹೆಸರು, ಮೀನು, ಮೊಟ್ಟೆ, ಹಾಲು ಯಾವುದರಲ್ಲೂ ಗ್ಲುಟೆನ್ ಇಲ್ಲ. ಕಣ್ಣಿಗೆ ಕಾಣುವ ಗೋಧಿಯನ್ನು, ಅಂದರೆ ಚಪಾತಿ, ಪರೋಟ, ಬ್ರೆಡ್, ಬಿಸ್ಕತ್ತು, ಬನ್ಸ್, ಗೋಳಿಬಜೆ, ಸಜ್ಜಿಗೆ, ಶೀರಾ, ರವೆದೋಸೆಗಳನ್ನು ಬಿಡುವುದು ಯಾರಿಗೂ ಹೇಳಿಕೊಡಬೇಕಾದ್ದಲ್ಲ. ಕಾಣದ ಗೋಧಿಯದೇ ಸಮಸ್ಯೆ.

ಮೊದಲನೆಯದು ಹಿಂಗು. ಅಂಗಡಿಯಲ್ಲಿ ಸಿಗುವ ಹಿಂಗಿನ ಡಬ್ಬವನ್ನು ತಿರುಗಿಸಿ ಸಣ್ಣ ಅಕ್ಷರಗಳನ್ನು ಓದಿದರೆ ಹಲವು ಬ್ರಾಂಡುಗಳಲ್ಲಿ ಗೋಂದು, ಗೋಧಿಹಿಟ್ಟು ಅಥವಾ ಮೈದಾ, ಆಮೇಲೆ ಹಿಂಗು ಎಂದಿರುತ್ತದೆ. ಶುದ್ಧ ಹಿಂಗು ತೀರಾ ಘಾಟು, ಅಂಟು; ಪುಡಿಯಾಗಿ ನಿಲ್ಲಲೆಂದೇ ಹಿಟ್ಟು ಬೆರೆಸುವುದು. ದಿನಕ್ಕೆರಡು ಬಾರಿ ಸಾರಿಗೂ ಸಾಂಬಾರಿಗೂ ಒಗ್ಗರಣೆ ಬೀಳುವ ಉಡುಪಿ ಅಡುಗೆಯಲ್ಲಿ ಈ ಚಿಟಿಕೆ ಲೆಕ್ಕಕ್ಕೆ ಬರುತ್ತದೆ. ಅಕ್ಕಿಹಿಟ್ಟು ಬೆರೆಸಿದ, ಗ್ಲುಟೆನ್ ರಹಿತ ಎಂದು ಬರೆದ ಹಿಂಗು ಈಗ ಸಿಗುತ್ತದೆ. ಬೆಳ್ಳುಳ್ಳಿ ತಿನ್ನುವವರಾದರೆ ಅದರದೇ ಒಗ್ಗರಣೆ ಸಾಕು.

ಎರಡನೆಯದು ಬಾರ್ಲಿ ನೀರು. ಬೇಸಗೆಯಲ್ಲಿ ಉಷ್ಣವಾಯಿತೆಂದೋ ಉರಿಮೂತ್ರವೆಂದೋ ಮನೆಯ ಹಿರಿಯರು ಕಾಸಿಕೊಡುವ ಈ ನೀರು ಪಥ್ಯದವರಿಗೆ ವರ್ಜ್ಯ. ಮಕ್ಕಳಿಗೆ ಹಾಲಿನಲ್ಲಿ ಕಲಸುವ ಮಾಲ್ಟ್ ಪುಡಿಗಳೂ ಹೆಚ್ಚಾಗಿ ಬಾರ್ಲಿಯವೇ, ಬಿಯರೂ ಬಾರ್ಲಿಯದೇ. ಸೋಯಾ ಸಾಸಿನಲ್ಲಿ ಸಾಮಾನ್ಯವಾಗಿ ಗೋಧಿ ಇರುತ್ತದೆ, ಆದ್ದರಿಂದ ಗೋಬಿ ಮಂಚೂರಿಯಲ್ಲಿ ಮೈದಾ ಬಿಟ್ಟು ಕಾರ್ನ್‌ಫ್ಲೋರ್ ಹಾಕಿದರೂ ಸಾಲದು. ರವೆ ಕೊಳ್ಳುವಾಗಲೂ ಜಾಗ್ರತೆ: ಇಡ್ಲಿ ರವೆ ಅಕ್ಕಿಯದು, ಬಾಂಬೆ ರವೆ ಗೋಧಿಯದು. ಪಾಯಸಕ್ಕೆಂದು ಪ್ಯಾಕೆಟ್ಟಿನಲ್ಲಿ ತರುವ ಶ್ಯಾವಿಗೆ ಬಹುತೇಕ ಗೋಧಿಯದೇ.

ಮೂರನೆಯದು ಗಿರಣಿ. ರಾಗಿಯನ್ನೋ ಅಕ್ಕಿಯನ್ನೋ ತೊಳೆದೊಣಗಿಸಿ ಬೀಸಲು ಕೊಟ್ಟಾಗ ನಿಮಗಿಂತ ಮುಂಚೆ ಗೋಧಿ ಬೀಸಿದ್ದರೆ ಕಲ್ಲಿನಲ್ಲಿ ಉಳಿದ ಹಿಟ್ಟು ನಿಮ್ಮ ಚೀಲಕ್ಕೇ ಬರುತ್ತದೆ. ಮನೆಯಲ್ಲೇ ಗ್ರೈಂಡರಿನಲ್ಲಿ ರುಬ್ಬುವುದು, ಮಿಕ್ಸಿಯಲ್ಲಿ ಪುಡಿಮಾಡುವುದು ಒಳ್ಳೆಯದು. ಉಳಿದವರಿಗೆ ಚಪಾತಿ ಮಾಡುವ ಮನೆಯಾದರೆ ಲಟ್ಟಣಿಗೆ, ಮಣೆ, ಜರಡಿ, ಕಾವಲಿ ಬೇರೆ ಇರಲಿ. ಪಥ್ಯದವರ ಅಡುಗೆ ಮೊದಲು ಮುಗಿಯಲಿ. ಪೊಟ್ಟಣದ ಪದಾರ್ಥಗಳ ಮೇಲೆ ಗ್ಲುಟೆನ್ ರಹಿತ ಎಂದು ಬರೆಯಬೇಕಾದರೆ ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಂತೆ ಒಂದು ಕಿಲೋಗೆ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇರಕೂಡದು. ಓಟ್ಸ್ ಅನ್ನು ಈ ಗುರುತಿಲ್ಲದೆ ತರಬೇಡಿ.

ಏಳನೆಯ ಹೆಜ್ಜೆ: ಹೊರಗಿನ ಊಟ

ಹೋಟೆಲಿನ ಅಡುಗೆಕೋಣೆಯಲ್ಲಿ ಬನ್ಸ್, ಗೋಳಿಬಜೆ, ಉದ್ದಿನ ಅಂಬಡೆ ಮೂರೂ ಒಂದೇ ಬಾಣಲೆಯ ಎಣ್ಣೆಯಲ್ಲಿ ಮುಳುಗಿ ಏಳುತ್ತವೆ. ಅಂಬಡೆಯಲ್ಲಿ ಗೋಧಿ ಇಲ್ಲದಿದ್ದರೂ ಎಣ್ಣೆಯಲ್ಲಿದೆ. ಮೀನಿನ ಹೋಟೆಲಿನಲ್ಲಿ ರವಾ ಫ್ರೈ ಬಿಡಬೇಕೆಂಬುದು ಸ್ಪಷ್ಟ. ಮಸಾಲೆ ಮಾತ್ರ ಹಚ್ಚಿದ ತವಾ ಫ್ರೈ ಕೂಡ ರವೆ ಹೊರಳಾಡಿದ ಅದೇ ಕಾವಲಿಯ ಮೇಲೆ ಬಂದರೆ ಉಪಯೋಗವಿಲ್ಲ. ಬಂಗುಡೆ ಗಸಿ, ಕುಚ್ಚಲಕ್ಕಿ ಅನ್ನ ಕೇಳುವುದು ಹೆಚ್ಚು ಕ್ಷೇಮ.

ಮದುವೆ–ಉಪನಯನಗಳಲ್ಲಿ ಎಲೆಯ ಮುಂದೆ ಕೂತ ಮೇಲೆ ಕೇಳಿದರೆ ಬಡಿಸುವವರಿಗೆ ಉತ್ತರ ಗೊತ್ತಿರುವುದಿಲ್ಲ. ಹಿಂದಿನ ದಿನವೇ ಅಡುಗೆಯವರಿಗೆ ಫೋನು ಮಾಡಿ, “ಭಟ್ರೇ, ಸಾರಿಗೆ ಯಾವ ಹಿಂಗು ಹಾಕ್ತೀರಿ? ಪಾಯಸ ಗೋಧಿಕಡಿಯದ್ದೋ, ಕಡ್ಲೆಬೇಳೆಯದ್ದೋ?” ಎಂದು ನೇರವಾಗಿ ಕೇಳಿ. ಒಪ್ಪೊತ್ತಿನ ದಿನ ರಾತ್ರಿ ಅನ್ನದ ಬದಲು ಸಜ್ಜಿಗೆ ಅಥವಾ ಚಪಾತಿ ಮಾಡುವ ಮನೆಗಳಲ್ಲಿ ಪಥ್ಯದವರಿಗೆ ಅವಲಕ್ಕಿ ಇಡಬಹುದು. ಸತ್ಯನಾರಾಯಣ ಪೂಜೆಯ ಸಪಾದಭಕ್ಷ್ಯ ರವೆಯದು. ಕಣ್ಣಿಗೊತ್ತಿಕೊಂಡು ಪಕ್ಕದವರಿಗೆ ಕೊಡಿ, ತೀರ್ಥ ಮತ್ತು ಹಣ್ಣು ಸ್ವೀಕರಿಸಿ. ಚರ್ಚಿನಲ್ಲಿ ಪರಮಪ್ರಸಾದದ ಓಸ್ತಿ ಗೋಧಿಯದೇ ಆಗಿರಬೇಕೆಂಬುದು ಕಥೋಲಿಕ ನಿಯಮ. ಆದರೆ ಗ್ಲುಟೆನ್ ಬಹಳ ಕಡಿಮೆಯಿರುವ ಓಸ್ತಿಗೆ ಅನುಮತಿಯಿದೆ, ದ್ರಾಕ್ಷಾರಸವನ್ನಷ್ಟೇ ಸ್ವೀಕರಿಸಲೂ ಅವಕಾಶವಿದೆ. ಫಾದರ್ ಜೊತೆ ಮೊದಲೇ ಮಾತನಾಡಿ. ಕ್ರಿಸ್ಮಸ್ಸಿನ ಕುಸ್ವಾರಿನಲ್ಲಿ ಕುಲ್ಕುಲ್ ಮತ್ತು ನೆವ್ರಿಗಳು ಮೈದಾದವು.

ಎಂಟನೆಯ ಹೆಜ್ಜೆ: ಸೆಳೆತ ಬಂದಾಗ

ಪಥ್ಯ ಹಿಡಿದ ಮನೆಯಲ್ಲೂ ಫಿಟ್ಸ್ ಬರಬಹುದು. ಬಂದಾಗ ಕೈಗೆ ಕಬ್ಬಿಣ ಅಥವಾ ಕೀಲಿಕೈ ಕೊಡುವುದು, ಬಾಯಿಗೆ ಚಮಚ ಅಥವಾ ನೀರು ಹಾಕುವುದು, ಮೂಗಿಗೆ ಈರುಳ್ಳಿ ಹಿಡಿಯುವುದು ಬೇಡ. ಪಕ್ಕಕ್ಕೆ ಹೊರಳಿಸಿ ಮಲಗಿಸಿ, ತಲೆಯಡಿ ಮೆತ್ತನೆಯದೇನಾದರೂ ಇಡಿ, ಗಡಿಯಾರ ನೋಡಿ. ಐದು ನಿಮಿಷ ಮೀರಿದರೆ ಅಥವಾ ಎಚ್ಚರ ಬರುವ ಮುನ್ನ ಮತ್ತೊಂದು ಬಂದರೆ 108ಕ್ಕೆ ಕರೆ ಮಾಡಿ. ಮನೆಯಂಗಳದ ಬಾವಿಗೆ ಕಟ್ಟೆ ಎತ್ತರವಿರಲಿ, ಕೆರೆಗೂ ಕಡಲಿಗೂ ಒಂಟಿಯಾಗಿ ಇಳಿಯಬಾರದು, ಬಚ್ಚಲಿನ ಚಿಲಕ ಒಳಗಿನಿಂದ ಹಾಕಬಾರದು.

ಒಂಬತ್ತನೆಯ ಹೆಜ್ಜೆ: ಲೆಕ್ಕ ಇಡುವುದು ಮತ್ತು ಮನೆಯವರ ಪರೀಕ್ಷೆ

ಒಂದು ಸಾದಾ ನೋಟುಪುಸ್ತಕದಲ್ಲಿ ಫಿಟ್ಸ್ ಬಂದ ದಿನ, ಹೊತ್ತು, ಎಷ್ಟು ನಿಮಿಷ, ಶುರುವಿನಲ್ಲಿ ಏನು ಕಂಡಿತು, ಮಾತ್ರೆ ತಪ್ಪಿತ್ತೇ, ಪಥ್ಯ ತಪ್ಪಿತ್ತೇ ಎಂದು ಬರೆದಿಡಿ. ಗಂಜಿಯ ಜೊತೆ ಒಂದು ತುಂಡು ಬಿಸ್ಕತ್ತು ತಿಂದ ಮರುದಿನ ಫಿಟ್ಸ್ ಬಂತೆಂದು ಎರಡನ್ನೂ ಗಂಟು ಹಾಕಬೇಡಿ. ಪಥ್ಯದ ಫಲ ತಿಂಗಳುಗಳ ಲೆಕ್ಕದಲ್ಲಿ ಕಾಣುವಂಥದ್ದು. ಟಿಟಿಜಿಯನ್ನು ಆರು ತಿಂಗಳಿಗೊಮ್ಮೆ, ಸಾಮಾನ್ಯ ಮಟ್ಟಕ್ಕೆ ಬಂದ ಮೇಲೆ ವರ್ಷಕ್ಕೊಮ್ಮೆ ನೋಡಿಸುವುದು ರೂಢಿ. ಅದು ಇಳಿಯದಿದ್ದರೆ ಎಲ್ಲೋ ಗ್ಲುಟೆನ್ ನುಸುಳುತ್ತಿದೆ ಎಂದು ಮೊದಲು ಶಂಕಿಸಬೇಕು, ಹಿಂಗಿನ ಡಬ್ಬದಿಂದ ಹುಡುಕಾಟ ಶುರುಮಾಡಬೇಕು. ಮಕ್ಕಳ ಕರುಳು ಬೇಗ ಗುಣವಾಗುತ್ತದೆ, ದೊಡ್ಡವರದು ಒಂದೆರಡು ವರ್ಷ ತೆಗೆದುಕೊಳ್ಳಬಹುದು.

ಸೀಲಿಯಾಕ್ ಇರುವವರ ತಂದೆ–ತಾಯಿ, ಒಡಹುಟ್ಟಿದವರು, ಮಕ್ಕಳು ಇವರಲ್ಲಿ ನೂರಕ್ಕೆ ಏಳೆಂಟು ಮಂದಿಗೆ ಅದೇ ಕಾಯಿಲೆ ಇರುತ್ತದೆ, ಹಲವರಿಗೆ ಲಕ್ಷಣವೇ ಇರುವುದಿಲ್ಲ. ಮನೆಯಲ್ಲಿ ಒಬ್ಬರಿಗೆ ಪಥ್ಯವೆಂದು ಎಲ್ಲರೂ ಗೋಧಿ ಬಿಡುವ ಮೊದಲೇ ಇವರೆಲ್ಲರ ಟಿಟಿಜಿ ಮಾಡಿಸಿಬಿಡಿ. ಡಿಕ್ಯೂ2, ಡಿಕ್ಯೂ8 ವಂಶವಾಹಿ ಪರೀಕ್ಷೆಯಲ್ಲಿ ಎರಡೂ ಇಲ್ಲವೆಂದು ಬಂದವರಿಗೆ ಮುಂದೆ ಈ ಕಾಯಿಲೆ ಬರುವ ಸಂಭವ ಬಹುತೇಕ ಇಲ್ಲವಾದ್ದರಿಂದ ಅವರು ಮತ್ತೆ ಮತ್ತೆ ರಕ್ತ ಕೊಡಬೇಕಾಗಿಲ್ಲ; ಇದೆ ಎಂದು ಬಂದರೆ ಕಾಯಿಲೆ ಇದೆ ಎಂದರ್ಥವಲ್ಲ, ಟಿಟಿಜಿಯನ್ನು ಆಗಾಗ ನೋಡಿಸುತ್ತಿರಬೇಕು ಎಂದಷ್ಟೇ.